ಉದುರು ಮಾಂಸದ ಆರ್ಡಿಸ್

ವೆಲ್ಡಾದಲ್ಲಿ ಯಾರು ಸತ್ತರೂ ಆರ್ಡಿಸ್ ಮೋಲರ್ ಅದೇ ದಿನ ಮಾಂಸದಂಗಡಿಗೆ ಹೋಗಿ ದನದ ಕೈಮಾ ಕಟ್ಟಿಸಿಕೊಂಡು ಬರುತ್ತಿದ್ದಳು. ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ ಹಾಕುವುದು ಅಯೋವಾದ ಆ ಸಣ್ಣ ಊರಿನ ರೂಢಿ. ಆ ಊಟಕ್ಕೆ ಅವಳ ಉದುರು ಮಾಂಸದ ಬನ್ನು ಇರಲೇಬೇಕು. ಇಲ್ಲದಿದ್ದರೆ ಸತ್ತವರನ್ನು ಸರಿಯಾಗಿ ಕಳಿಸಿಕೊಟ್ಟಂತಾಗಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ನನ್ನ ಸಾವಿಗೂ ನೀನೇ ಮಾಡಬೇಕು ಎಂದು ಮುದುಕರು ಅವಳನ್ನು ರೇಗಿಸುವುದಿತ್ತು.

"ಮೊದ್ಲು ಹೋಗು, ಆಮೇಲೆ ನೋಡೋಣ" ಎನ್ನುವಳು.

ಅವಳು ಆ ಕೆಲಸ ಕಲಿತದ್ದು ಕೋರ್ಟಿನ ಎದುರು ಇದ್ದ ಒಂದು ಸಣ್ಣ ಹೋಟೆಲಿನಲ್ಲಿ. ಅಲ್ಲಿ ಮೇಜುಗಳಿರಲಿಲ್ಲ. ಕುದುರೆ ಲಾಳದ ಆಕಾರದ ಕಟ್ಟೆ, ಅದರ ಸುತ್ತ ತಿರುಗುವ ಸ್ಟೂಲುಗಳು, ನಡುವೆ ಒಲೆ, ಒಲೆಯ ಮುಂದೆ ಆರ್ಡಿಸ್. ಒಮಾಹಾದ ಕಸಾಯಿಖಾನೆಗೆ ಕೆಲಸಕ್ಕೆಂದು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಅವಳು ಆ ಒಲೆಯ ಮುಂದೆ ನಿಂತವಳು, ಹೋಟೆಲು ಮುಚ್ಚುವವರೆಗೂ ನಿಂತೇ ಇದ್ದಳು. ಮುಚ್ಚಿದ ಮೇಲೆ ಅದೇ ಅಡುಗೆ ಅವಳ ಮನೆಗೆ ಬಂತು. ಮಕ್ಕಳು ಶಾಲೆ ಮುಗಿಸಿದ ಸಂತೋಷಕ್ಕೆ, ಹೊಲಮನೆಗಳ ಹರಾಜಿಗೆ, ಸಾವಿಗೆ, ಎಲ್ಲಕ್ಕೂ ಜನ ಅವಳ ಬಾಗಿಲು ತಟ್ಟುತ್ತಿದ್ದರು.

ಮಾಡುವ ಕ್ರಮ ನೋಡುವುದಕ್ಕೆ ಸುಲಭ. ತಣ್ಣನೆಯ ಬಾಣಲೆಗೆ ತಣ್ಣನೆಯ ಕೈಮಾ ಹಾಕಬೇಕು, ಮೇಲೆ ನೀರು ಹೊಯ್ಯಬೇಕು, ಆಮೇಲೆ ಒಲೆ ಹಚ್ಚಬೇಕು. ಮರದ ಸಟ್ಟುಗದಿಂದ ಒತ್ತಿ ಒತ್ತಿ ಪುಡಿ ಮಾಡುತ್ತಲೇ ಇರಬೇಕು. ಕೈ ನಿಲ್ಲಿಸಿದರೆ ಗಂಟು ಕಟ್ಟುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಉಪ್ಪು, ಸ್ವಲ್ಪ ಮೆಣಸಿನ ಪುಡಿ. ಎಣ್ಣೆ ಇಲ್ಲ, ಮಸಾಲೆ ಇಲ್ಲ. ನೀರಿರುವ ತನಕ ಬಾಣಲೆಯ ಕಾವು ಕುದಿಯುವ ನೀರಿನ ಕಾವನ್ನು ದಾಟುವುದಿಲ್ಲ, ಹಾಗಾಗಿ ಮಾಂಸ ಹುರಿಯುವುದಿಲ್ಲ, ಕೆಂಪಗಾಗುವುದಿಲ್ಲ. ತನ್ನದೇ ಹಬೆಯಲ್ಲಿ ಮೆತ್ತಗೆ ಬೇಯುತ್ತದೆ. ನೀರು ಪೂರ್ತಿ ಆರುವ ಮೊದಲೇ ಇಳಿಸಬೇಕು. ಬನ್ನಿಗೆ ಸಾಸಿವೆ ಪೇಸ್ಟು ಸವರಿ, ಉಪ್ಪುನೀರಿನಲ್ಲಿ ಹಾಕಿಟ್ಟ ಸೌತೆಯ ಬಿಲ್ಲೆ ಇಟ್ಟು, ಮೇಲೆ ಮಾಂಸ ಸುರಿದು ಮೇಣದ ಕಾಗದದಲ್ಲಿ ಸುತ್ತಿಟ್ಟರೆ ಆ ಬಿಸಿಗೆ ಬನ್ನೂ ಮೆತ್ತಗಾಗುತ್ತದೆ. ಟೊಮೆಟೊ ಸಾಸು ಕೇಳಿದವರನ್ನು ಆರ್ಡಿಸ್ ಹೊರಗಿನವರು ಎಂದು ತಿಳಿಯುತ್ತಿದ್ದಳು. ವೆಲ್ಡಾದಲ್ಲಿ ಹುಟ್ಟಿದವರಾರೂ ಕೇಳುತ್ತಿರಲಿಲ್ಲ.

ಮಗ ರಾಜರ್ ಬೆಳೆದದ್ದೂ ಆ ಕಟ್ಟೆಯ ಹತ್ತಿರವೇ. ಶಾಲೆ ಬಿಟ್ಟ ಕೂಡಲೇ ಬಂದು ಗೋಡೆ ಬದಿಯ ಸ್ಟೂಲಿನಲ್ಲಿ ಕೂರುತ್ತಿದ್ದ. ಅಮ್ಮ ಒಂದು ಬನ್ನು ಕಟ್ಟಿ ಕೊಟ್ಟರೆ ತಿಂದು, ಲೆಕ್ಕ ಬರೆದು, ಕಿಟಕಿ ನೋಡುತ್ತ ಇರುತ್ತಿದ್ದ. ಹಟವಿಲ್ಲ, ಗಲಾಟೆಯಿಲ್ಲ. ಇಂಥ ಹುಡುಗ ಯಾರಿಗುಂಟು ಎಂದು ಗಿರಾಕಿಗಳು ಹೇಳುವುದನ್ನು ಕೇಳಿ ಆರ್ಡಿಸಳ ಸಟ್ಟುಗ ಇನ್ನಷ್ಟು ಚುರುಕಾಗುತ್ತಿತ್ತು. ದೊಡ್ಡವನಾದ ಮೇಲೆ ಅವನು ಕೌಂಟಿಯ ರಸ್ತೆ ಇಲಾಖೆಗೆ ಸೇರಿದ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ, ಬೇಸಿಗೆಯಲ್ಲಿ ಜಲ್ಲಿ. ಜೋಲೀನ್ ಎಂಬ ಪಕ್ಕದೂರಿನ ಹುಡುಗಿಯನ್ನು ಮದುವೆಯಾಗಿ ಊರಾಚೆ ಮನೆ ಮಾಡಿದ. ಆದರೂ ಭಾನುವಾರ ಮಧ್ಯಾಹ್ನ ತಪ್ಪದೆ ಬರುವನು. ಅವಳು ಎರಡು ಬನ್ನು ಮುಂದಿಡುವಳು, ಅವನು ಎರಡನ್ನೂ ಮುಗಿಸುವನು. ತಟ್ಟೆಗೆ ಉದುರಿದ ಮಾಂಸದ ಕೊನೆಯ ಚೂರನ್ನೂ ಬೆರಳಿನಿಂದ ಒತ್ತಿ ತೆಗೆದು ಬಾಯಿಗೆ ಹಾಕಿಕೊಳ್ಳುವನು. ಮಗನ ವಿಷಯದಲ್ಲಿ ಅವಳಿಗೆ ಬೇರೆ ಏನು ಗೊತ್ತಿತ್ತೋ ಇಲ್ಲವೋ, ಇದೊಂದು ಖಾತ್ರಿಯಾಗಿ ಗೊತ್ತಿತ್ತು: ತಾನು ಮಾಡಿದ್ದು ಅವನಿಗೆ ಇಷ್ಟ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಲಾರಿ ಶೆಡ್ಡಿನಲ್ಲಿ ಇಂಜಿನ್ ಬಿಸಿಯಾಗಲೆಂದು ಕಾಯುತ್ತ ಕೂತಿದ್ದ ರಾಜರ್ ಹಾಗೆಯೇ ಸ್ಟೀರಿಂಗಿನ ಮೇಲೆ ಒರಗಿದ. ಜೊತೆಯವರು ನಿದ್ದೆ ಎಂದುಕೊಂಡರು. ಹೃದಯ ನಿಂತುಹೋಗಿತ್ತು.

ಸುದ್ದಿ ತಂದವರು ಹೋದ ಮೇಲೆ ಆರ್ಡಿಸ್ ಕೋಟು ಹಾಕಿಕೊಂಡು ಮಾಂಸದಂಗಡಿಗೆ ಹೋದಳು. ಅಂಗಡಿಯವನು ಏನೂ ಕೇಳದೆ ತೂಗಿಕೊಟ್ಟ. ಮನೆಗೆ ಬಂದು ದೊಡ್ಡ ಬಾಣಲೆ ಇಳಿಸುವ ಹೊತ್ತಿಗೆ ನಾರ್ಮಾ ಬೆರೆನ್ಸ್ ಒಳಗೆ ಬಂದಳು. ನಾರ್ಮಾ ಚರ್ಚಿನ ಹೆಂಗಸರ ಗುಂಪಿನ ಮುಖ್ಯಸ್ಥೆ, ಆರ್ಡಿಸಳ ಬಾಲ್ಯದ ಗೆಳತಿ. ಸಾವಿನೂಟದ ಅಡುಗೆ ಕೋಣೆಯಲ್ಲಿ ಇಬ್ಬರೂ ಎಷ್ಟೋ ವರ್ಷ ಭುಜಕ್ಕೆ ಭುಜ ತಾಗಿಸಿ ದುಡಿದಿದ್ದರು.

ನಾರ್ಮಾ ಕೂತಳು, ಗೆಳತಿಯ ಕೈ ಹಿಡಿದಳು. ಆಮೇಲೆ ಆರ್ಡಿಸಳಿಗೂ ಗೊತ್ತಿದ್ದ ಮಾತನ್ನೇ ಹೇಳಿದಳು. ಸಾವಾದ ಮನೆಯವರು ಊಟದ ದಿನ ಚರ್ಚಿನ ಅಡುಗೆ ಕೋಣೆಯ ಹೊಸಿಲು ದಾಟುವಂತಿಲ್ಲ. ಮೈಲಿಗೆಯ ಮಾತಲ್ಲ ಅದು. ಅವರು ಕೂತು ಉಣ್ಣಬೇಕು, ಬೇರೆಯವರು ಬಡಿಸಬೇಕು, ಅಷ್ಟೆ. ಈ ನಿಯಮವನ್ನು ಎಷ್ಟೋ ತಾಯಂದಿರಿಗೆ, ವಿಧವೆಯರಿಗೆ ಹೇಳಿ ಅವರನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದವಳು ಸ್ವತಃ ಆರ್ಡಿಸ್.

ಅಡುಗೆ ಕೋಣೆಗೆ ಬರುವುದಿಲ್ಲ, ಇಲ್ಲೇ ಮಾಡಿ ಕಳಿಸುತ್ತೇನೆ ಎಂದಳು ಆರ್ಡಿಸ್. ನಾರ್ಮಾ ಕೈ ಬಿಡಲಿಲ್ಲ, ಕಣ್ಣು ಮಾತ್ರ ಬೇರೆ ಕಡೆ ಹೊರಳಿಸಿದಳು.

"ಜೋಲೀನ್ ಆಗ್ಲೇ ಹೇಳಿಬಿಟ್ಟಿದಾಳೆ ಕಣೆ. ಉದುರು ಮಾಂಸ ಬೇಡ್ವಂತೆ. ಹುರಿದು ಸಾಸು ಹಾಕಿ ಮಾಡಿ ಅಂದ್ಲು."

"ಸಾಸು?"

"ಟೊಮೆಟೊ ಸಾಸು. ಕಂದು ಸಕ್ಕರೇನೂ ಒಂಚೂರು."

ಆರ್ಡಿಸ್ ಕೈ ಬಿಡಿಸಿಕೊಂಡಳು. ನನ್ನ ಮಗನ ಊಟಕ್ಕೆ ಏನು ಮಾಡಬೇಕೆಂದು ಇವಳು ಯಾರು ಹೇಳುವುದಕ್ಕೆ ಎಂದು ಬಾಯಿಗೆ ಬಂತು. ಇವಳು ಹೆಂಡತಿ ಎಂಬ ಉತ್ತರವೂ ಜೊತೆಗೇ ಬಂದದ್ದರಿಂದ ಸುಮ್ಮನಾದಳು. ಆದರೆ ನಾರ್ಮಾ ಹೊರಟ ಮೇಲೆ ಒಲೆ ಹಚ್ಚಿದಳು. ಕೈ ತನ್ನಷ್ಟಕ್ಕೆ ಒತ್ತಿತು, ಪುಡಿ ಮಾಡಿತು, ಉಪ್ಪು ಹಾಕಿತು. ಊರಿನ ಪ್ರತಿಯೊಂದು ಸಾವಿಗೂ ಅನ್ನವಿಟ್ಟವಳು ತನ್ನ ಮಗನಿಗೆ ಇಡಬಾರದು ಎಂದರೆ ಇಷ್ಟು ವರ್ಷ ಮಾಡಿದ್ದಕ್ಕೆ ಏನರ್ಥ? ಮುಚ್ಚಳ ಬಿಗಿದು, ಪಾತ್ರೆಯನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟುಕೊಂಡು ಸೊಸೆಯ ಮನೆಗೆ ಹೋದಳು. ರುಚಿ ನೋಡಿದರೆ ಅವಳು ಮನಸ್ಸು ಬದಲಿಸುತ್ತಾಳೆ ಎಂಬ ನಂಬಿಕೆ.

ಜೋಲೀನ್ ರಾಜರನ ಹಳೆಯ ಸ್ವೆಟರು ತೊಟ್ಟು ಅಡುಗೆಮನೆಯಲ್ಲಿ ಕೂತಿದ್ದಳು. ಪಾತ್ರೆ ಕಂಡ ಕೂಡಲೇ ಅವಳಿಗೆ ವಿಷಯ ಅರ್ಥವಾಯಿತು. ಆರ್ಡಿಸ್ ಮುಚ್ಚಳ ತೆಗೆದಳು. ಹಬೆ ಎದ್ದಿತು. ಜೋಲೀನ್ ಎದ್ದು ಹೋಗಿ ಕಿಟಕಿ ಸ್ವಲ್ಪ ತೆರೆದಳು.

"ನಾಳೆ ಊಟಕ್ಕೆ ಇದಿರ್ಲಿ" ಎಂದಳು ಆರ್ಡಿಸ್. "ಸಾಸು ಗೀಸು ನಿನ್ನ ಮನೇಲಿ ನೀನು ಏನು ಬೇಕಾದ್ರೂ ಹಾಕ್ಕೊ. ಅವನಿಗೆ ಇಷ್ಟ ಇದ್ದದ್ದು ಇದು."

"ಆ ಸಾಸಿನ ಅಡುಗೆ ನಂದಲ್ಲ. ರಾಜರ್ ಮಾಡ್ತಿದ್ದದ್ದು."

"ಭಾನುವಾರ ಭಾನುವಾರ ಎರಡೆರಡು ತಿಂತಿದ್ದ ನನ್ನ ಎದುರಿಗೆ."

"ನಿಮ್ಮ ಎದುರಿಗೆ ತಿಂತಿದ್ದ."

ಜೋಲೀನ್ ಇದನ್ನು ಜಗಳಕ್ಕೆ ಹೇಳಲಿಲ್ಲ. ಅವಳಿಗೆ ಜಗಳವಾಡುವ ಶಕ್ತಿ ಉಳಿದಿರಲಿಲ್ಲ. ಮರೆಮಾಚುವ ಶಕ್ತಿಯೂ ಉಳಿದಿರಲಿಲ್ಲ. ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿದಳು. ಮದುವೆಯಾದ ಹೊಸತರಲ್ಲಿ ಗಂಡನಿಗೆ ಇಷ್ಟವೆಂದು ಒಮ್ಮೆ ತಾನೂ ಉದುರು ಮಾಂಸ ಮಾಡಿದ್ದನ್ನು, ಅವನು ಮನೆಯೊಳಗೆ ಬಂದವನು ವಾಸನೆಗೆ ಬಾಗಿಲಲ್ಲೇ ನಿಂತುಬಿಟ್ಟದ್ದನ್ನು ಹೇಳಿದಳು. ಅವತ್ತು ರಾಜರ್ ಅವಳಿಗೆ ಆ ಸ್ಟೂಲಿನ ಕಥೆ ಹೇಳಿದ್ದ. ಕಿಟಕಿಯಾಚೆ ಬೇರೆ ಮಕ್ಕಳು ಮನೆಗೆ ಹೋಗುತ್ತಿದ್ದುದು, ಬೀದಿ ದೀಪ ಹತ್ತುತ್ತಿದ್ದುದು, ಅಮ್ಮ ಇನ್ನೊಂದು ಬಾಣಲೆ ಇಡುತ್ತಿದ್ದುದು.

"ಆ ಹಬೆ ಮೂಗಿಗೆ ಬಂದ್ರೆ ಸಾಕು, ಇನ್ನೂ ಮನೆಗೆ ಹೋಗೋ ಹೊತ್ತಾಗಿಲ್ಲ, ಇನ್ನೂ ಕಾಯ್ಬೇಕು ಅನ್ಸುತ್ತೆ ಅಂತಿದ್ದ."

ಆರ್ಡಿಸ್ ಮುಚ್ಚಳವನ್ನು ಮತ್ತೆ ಪಾತ್ರೆಯ ಮೇಲಿಟ್ಟಳು. ಅದು ಸರಿಯಾಗಿ ಕೂರಲಿಲ್ಲ, ತಿರುಗಿಸಿ ಇಟ್ಟಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ. ಅದನ್ನ ಮಾಡೋವಾಗ ಅಮ್ಮನ ಮುಖ ನೋಡ್ಬೇಕು ನೀನು ಅಂದ. ಅಷ್ಟೇ ಹೇಳಿದ್ದು."

ಹೊರಡುವಾಗ ಜೋಲೀನ್ ಪಾತ್ರೆ ಇಲ್ಲೇ ಇರಲಿ ಎಂದಳು, ಬೇಡವೆಂದಳು ಆರ್ಡಿಸ್. ಮನೆಗೆ ಒಯ್ದು ಒಲೆಯ ಮೇಲಿಟ್ಟಳು. ಬೆಳಿಗ್ಗೆ ನೋಡಿದಾಗ ಮೇಲೆ ಬಿಳಿ ಕೊಬ್ಬು ಹೆಪ್ಪುಗಟ್ಟಿತ್ತು. ಎಲ್ಲವನ್ನೂ ಕೆರೆದು ಕಸದ ಡಬ್ಬಿಗೆ ಹಾಕಿದಳು. ತಾನು ಬೇಯಿಸಿದ್ದನ್ನು ಅವಳು ಅದುವರೆಗೆ ಎಂದೂ ಎಸೆದವಳಲ್ಲ.

ಮಣ್ಣು ಮಾಡಿದ್ದಾಯಿತು. ರಸ್ತೆ ಇಲಾಖೆಯವರು ಹಳದಿ ಕೋಟುಗಳಲ್ಲೇ ಬಂದಿದ್ದರು. ನೆಲಮಾಳಿಗೆಯೊಳಗೆ ಎಲ್ಲಕ್ಕಿಂತ ಮುಂದಿನ ಮೇಜಿನಲ್ಲಿ ಆರ್ಡಿಸ್ ಮತ್ತು ಜೋಲೀನ್ ಅಕ್ಕಪಕ್ಕ ಕೂತರು. ಅಡುಗೆ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗಿನ ಒಂದೊಂದು ಸದ್ದೂ ಆರ್ಡಿಸಳಿಗೆ ಗೊತ್ತು: ಇದು ದೊಡ್ಡ ಪಾತ್ರೆಯ ಮುಚ್ಚಳ, ಇದು ಕಾಫಿ ಹಂಡೆಯ ನಲ್ಲಿ, ಇದು ಯಾರೋ ಚಮಚದ ಡ್ರಾಯರನ್ನು ಜೋರಾಗಿ ಎಳೆದದ್ದು. ಎರಡು ಸಲ ಏಳಲು ಹೋಗಿ ಎರಡು ಸಲವೂ ಕೂತಳು. ನಾರ್ಮಾ ಬಂದು ತಟ್ಟೆ ಇಟ್ಟಳು, ಗೆಳತಿಯ ಬೆನ್ನ ಮೇಲೆ ಒಂದು ಗಳಿಗೆ ಕೈಯಿಟ್ಟು ಹೋದಳು.

ಎದುರಿನ ಮೇಜಿನಲ್ಲಿ ಲೀಲ್ಯಾಂಡ್ ಕೂತಿದ್ದ. ಹಳೆಯ ಹೋಟೆಲಿನ ಕಾಯಂ ಗಿರಾಕಿ, ಹಲ್ಲಿಲ್ಲದಿದ್ದರೂ ಬಾಯಿಗೆ ಬಿಡುವಿಲ್ಲ. ಬನ್ನು ಬಿಚ್ಚಿ ಒಳಗೆ ನೋಡಿ ಅವನು ತಲೆಯಾಡಿಸಿದ.

"ಆರ್ಡಿಸ್, ಇದು ನಿಂದಲ್ಲ ಬಿಡು. ಯಾರೋ ನಮ್ಮ ಮಾಂಸಾನ ಟೊಮೆಟೊಗೆ ಮದುವೆ ಮಾಡಿಕೊಟ್ಟಿದಾರೆ."

ಜೋಲೀನ್ ತಟ್ಟೆಯನ್ನೇ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಆರ್ಡಿಸ್ ಏನಾದರೂ ಹೇಳಲಿ ಎಂದು ಮೇಜು ಕಾಯುತ್ತಿತ್ತು. ಅವಳು ಹೌದೆಂದು ಒಂದು ಮಾತು ಆಡಿದ್ದರೆ ಇಡೀ ಊರು ಅವಳ ಕಡೆಗಿರುತ್ತಿತ್ತು.

"ಇದು ರಾಜರ್ ಮಾಡ್ತಿದ್ದ ರೀತಿ" ಎಂದಳು. "ತಿನ್ನು."

ಲೀಲ್ಯಾಂಡ್ ಟೋಪಿಯನ್ನು ತೊಡೆಯ ಮೇಲಿಂದ ತೆಗೆದು ಪಕ್ಕಕ್ಕಿಟ್ಟು ತಿನ್ನತೊಡಗಿದ.

ಆಮೇಲೆ ಅವಳೂ ಬಾಯಿಗಿಟ್ಟಳು. ಮಾಂಸವನ್ನು ನೀರೆಲ್ಲ ಆರಿದ ಮೇಲೂ ಒಲೆಯ ಮೇಲೆ ಬಿಟ್ಟಿದ್ದರು. ಅಂಚುಗಳು ಗರಿಗರಿಯಾಗಿ ಹಲ್ಲಿಗೆ ಸಿಗುತ್ತಿದ್ದವು. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ಸಾಸಿವೆಯ ಖಾರ. ತಪ್ಪು ಹುಡುಕಲೆಂದೇ ಅವಳ ನಾಲಿಗೆ ಹೊರಟಿತ್ತು. ಸಿಗಲಿಲ್ಲ. ಯಾವುದು ಎಷ್ಟು ಬೇಕೆಂದು ತಿಳಿದವರು, ಬಹಳ ಸಲ ಮಾಡಿ ಮಾಡಿ ಹದ ಹಿಡಿದವರು ಯೋಚಿಸಿದ ಅಡುಗೆ ಅದು. ಮಗನಿಗೆ ಅಡುಗೆ ಬರುತ್ತಿತ್ತೆಂಬುದು ಅವಳಿಗೆ ಇವತ್ತು ತಿಳಿಯಿತು. ಚೆನ್ನಾಗಿದೆ ಕಣೋ ಎನ್ನಬೇಕೆನಿಸಿತು.

"ಯಾವಾಗ ಮಾಡ್ತಿದ್ದ?" ಎಂದು ಮೆಲ್ಲಗೆ ಕೇಳಿದಳು.

"ಶನಿವಾರ ಸಂಜೆ."

ಶನಿವಾರ ಸಂಜೆ ತನ್ನ ಮನೆಯಲ್ಲಿ ಇದನ್ನು ಮಾಡಿ ಹೊಟ್ಟೆ ತುಂಬ ತಿಂದವನು ಮರುದಿನ ಅಮ್ಮನ ಮನೆಗೆ ಬಂದು, ಆ ಹಬೆಯ ಎದುರು ಕೂತು, ಎರಡನ್ನೂ ಮುಗಿಸಿ ತಟ್ಟೆ ಒರೆಸುತ್ತಿದ್ದ. ಒಂದು ವಾರವೂ ಮುಖ ಕಿವುಚಿರಲಿಲ್ಲ.

"ಒಂದ್ಸಲ ನನ್ನೂ ಕರೀಬಹುದಿತ್ತು" ಎಂದಳು ಆರ್ಡಿಸ್.

ಜೋಲೀನ್ ತನ್ನ ತಟ್ಟೆಯಲ್ಲಿ ಮುಟ್ಟದೆ ಉಳಿದಿದ್ದ ಅರ್ಧ ಬನ್ನನ್ನು ಅತ್ತೆಯ ತಟ್ಟೆಗೆ ಸರಿಸಿದಳು. ಆರ್ಡಿಸ್ ಅದನ್ನೂ ತಿಂದಳು.