ಪ್ರಳಯಕ್ಕೆ ಮುಂಚೆ ಕಣ್ಣಿನ ಆಪರೇಷನ್

"ಪ್ರಳಯ ಆಗುತ್ತೆ ಅಂತಿದಾರೆ. ಈಗ ಯಾಕಮ್ಮಾ ಕಣ್ಣಿನ ಆಪರೇಷನ್ನು?"

ಹೀಗೆ ಕೇಳಿದವರು ನಮ್ಮ ಮಾವ. ಆಪರೇಷನ್‌ಗೆ ಇದ್ದದ್ದು ನಾಲ್ಕೇ ದಿನ. ಪೊರೆ ಬಲಿತಿದೆ, ಇನ್ನು ತಡಮಾಡಿದರೆ ಕಷ್ಟ ಎಂದು ಇಂದಿರಾನಗರದ ಡಾಕ್ಟರು ಹೇಳಿದ್ದರು. ಮಾವ ಆಗಲೇ ಎರಡು ಸಲ ನನ್ನನ್ನು ಹಾಲಿನವಳು ಎಂದುಕೊಂಡು ಮಾತಾಡಿಸಿದ್ದರು. (ತಪ್ಪು ನನ್ನ ನೈಟಿಯದ್ದೇನೋ ಎಂದು ಮೊದಲು ಅನುಮಾನಪಟ್ಟಿದ್ದೆ.)

ತಲೆ ಕೆಡಿಸಿದ್ದು ಟೀವಿ. ಮೇ ತಿಂಗಳಲ್ಲಿ ಗ್ರಹಗಳೆಲ್ಲ ಒಂದೇ ಕಡೆ ಸೇರುತ್ತವೆ, ಏನು ಬೇಕಾದರೂ ಆಗಬಹುದು ಎಂದು ಯಾರೋ ಒಬ್ಬರು ದಿನಾ ಹೆದರಿಸುತ್ತಿದ್ದರು. ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈ-ಟು-ಕೆ ಭಯವನ್ನು ಜನವರಿಯಲ್ಲಿ ತಾನೇ ದಾಟಿ ಬಂದವರಿಗೆ ಇದು ಬೇಕಿತ್ತೇ? ನನ್ನ ಗಂಡ ಕೂಗಾಡಿದರು. ಮಾವ ಜಗ್ಗಲಿಲ್ಲ. ಅವರಿಗೆ ಕಣ್ಣೇ ಹೋದರೆ ಎಂದು ನನಗೆ ಭಯವಾಯಿತು.

ಮರುದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಡುಗೆಮನೆಗೂ ದೇವರಮನೆಗೂ ನಡುವೆ ಒಂದೇ ಗೋಡೆ. ಪೂಜೆಗೆ ಕೂತ ಮಾವ ಎಂದಿನಂತೆ ಸಂಕಲ್ಪ ಹೇಳುತ್ತಿದ್ದರು. ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ, ಕಲಿಯುಗೇ, ಪ್ರಥಮ ಪಾದೇ...

ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಕಿವಿಗೆ ಬಿದ್ದದ್ದು ಮಾತ್ರ ಅವತ್ತೇ. ಮಂಗಳಾರತಿ ಮುಗಿಯುವವರೆಗೆ ಹೇಗೋ ತಡೆದುಕೊಂಡೆ.

"ಮಾವ, ಪ್ರಥಮ ಪಾದ ಅಂದ್ರೆ?"

"ಕಲಿಯುಗದ ಮೊದಲನೇ ಕಾಲುಭಾಗ."

"ಕಲಿಯುಗ ಒಟ್ಟು ಎಷ್ಟು ವರ್ಷ?"

"ನಾಲ್ಕು ಲಕ್ಷದ ಮೂವತ್ತೆರಡು ಸಾವಿರ."

"ಈಗ ಎಷ್ಟು ಆಗಿದೆ?"

"ಐದು ಸಾವಿರದ ನೂರು..." ಎಂದವರು ಆರತಿ ತಟ್ಟೆ ಕೆಳಗಿಟ್ಟರು. ದಿನಾ ಬೆಳಿಗ್ಗೆ ದೇವರೆದುರು ಯುಗ ಈಗಷ್ಟೇ ಶುರುವಾಗಿದೆ ಎಂದು ಹೇಳಿ, ಸಂಜೆ ಟೀವಿ ಎದುರು ಅದು ಮುಗಿಯಿತೆಂದು ನಡುಗುವುದೇ?

ಮಾವ ಕಾರ್ಖಾನೆಯಲ್ಲಿ ಗೇರ್ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದವರು. ಒಂದು ಸಣ್ಣ, ಒಂದು ದೊಡ್ಡ ಡಬ್ಬಿಯ ಮುಚ್ಚಳ ತರಿಸಿ, ಒಂದೊಂದರ ಅಂಚಿಗೂ ಕುಂಕುಮ ಹಚ್ಚಿ, ನೆಲದ ಮೇಲೆ ತಿರುಗಿಸತೊಡಗಿದರು.

"ನೋಡಮ್ಮಾ, ಗುರುಗ್ರಹಕ್ಕೆ ಒಂದು ಸುತ್ತು ಬರೋಕೆ ಹೆಚ್ಚುಕಮ್ಮಿ ಹನ್ನೆರಡು ವರ್ಷ, ಶನಿಗೆ ಮೂವತ್ತು. ಈ ಎರಡು ಗುರುತು ಹೊರಟ ಜಾಗಕ್ಕೆ ಒಟ್ಟಿಗೆ ಬರೋಕೆ ಅರವತ್ತು ವರ್ಷ ಬೇಕು. ಅದಕ್ಕೇ ಸಂವತ್ಸರ ಅರವತ್ತು. ಮಿಕ್ಕ ಗ್ರಹಗಳನ್ನೂ ಸೇರಿಸು. ಎಲ್ಲದಕ್ಕೂ ಪೂರ್ತಿ ಸುತ್ತು ಬರೋ ಹಾಗೆ ಲೆಕ್ಕ ಹಾಕಿದ್ರೆ ನಲವತ್ಮೂರು ಲಕ್ಷದ ಇಪ್ಪತ್ತು ಸಾವಿರ ವರ್ಷ. ಮಹಾಯುಗ ಅಂದ್ರೆ ಅದೇ. ಕಲಿ ಅದರಲ್ಲಿ ಹತ್ತನೇ ಒಂದು ಪಾಲು."

"ಹಾಗಾದ್ರೆ ಗ್ರಹಗಳೆಲ್ಲ ಒಂದು ಕಡೆ ಸೇರಿದ್ರೆ?"

"ಹೋದ ಸಲ ಹಾಗೆ ಸೇರಿದಾಗಲೇ ಕಲಿಯುಗ ಶುರುವಾಯ್ತು ಅಂತ ನಮ್ಮ ಸಿದ್ಧಾಂತದ ಲೆಕ್ಕ." ಮುಚ್ಚಳ ಕೈಯಿಂದ ಜಾರಿತು. "ಅಯ್ಯೋ, ಅದು ಮುಗಿಯೋ ಗುರುತಲ್ಲ, ಹೊರಡೋ ಗುರುತು."

ಮುಚ್ಚಳಗಳ ಕುಂಕುಮ ಒರೆಸುತ್ತಾ ಕೇಳಿದರು. "ಆಪರೇಷನ್ನು ಗುರುವಾರ ಅಲ್ವಾ?"

ನನಗೆ ಅಳು ಬಂದೇಬಿಟ್ಟಿತು. ಈರುಳ್ಳಿ ಎಂದು ಸುಳ್ಳು ಹೇಳಿದೆ.

ಆಪರೇಷನ್ ಆಯಿತು. ಮೇ ತಿಂಗಳೂ ಬಂದು ಹೋಯಿತು, ಗ್ರಹಗಳು ತಮ್ಮ ಪಾಡಿಗೆ ತಾವು ತಿರುಗಿಕೊಂಡಿವೆ. ಮೊನ್ನೆ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಹೊಸ ಕನ್ನಡಕ ಹಾಕಿಕೊಂಡ ಮಾವ, ಮೊದಲು ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಆಮೇಲೆ ಗ್ಯಾರಂಟಿ ಎಷ್ಟು ಎಂದು ಅಂಗಡಿಯವರನ್ನು ಕೇಳಿದರು. "ಒಂದು ವರ್ಷ ಸಾರ್."

ಮಾವನಿಗೆ ಸಮಾಧಾನವಾಗಲಿಲ್ಲ. "ಇನ್ನೂ ನಾಲ್ಕು ಲಕ್ಷ ಚಿಲ್ಲರೆ ವರ್ಷ ಬಾಕಿ ಇದೆ. ಒಂದೇ ವರ್ಷ ಕೊಟ್ರೆ ಹೆಂಗ್ರೀ?"