ಹದಿನೇಳು ಹಲ್ಲಿನ ಚಕ್ರ

ಬೆಳಗಿನ ಆರು ಗಂಟೆ. ಬಸವೇಶ್ವರನಗರದ ಅಂಚಿನ ಶೆಡ್ಡೊಂದರಲ್ಲಿ ದಾನಮ್ಮ ಮಿಲ್ಲಿಂಗ್ ಮಷಿನ್ ಮುಂದೆ ನಿಂತು ಹಲ್ಲುಚಕ್ರ ಮಾಡುತ್ತಿದ್ದಾರೆ. ಕಬ್ಬಿಣದ ಬಿಲ್ಲೆಯನ್ನು ಒಂದಿಷ್ಟು ತಿರುಗಿಸಿ ಒಂದು ಹಲ್ಲು ಕೊರೆಯುತ್ತಾರೆ, ಮತ್ತೆ ತಿರುಗಿಸಿ ಇನ್ನೊಂದು. ಸುತ್ತು ಮುಗಿದಾಗ ಎಲ್ಲ ಸರಿಯಾಗಿದೆ ಎಂದು ಕಣ್ಣು ಹೇಳಿದರೂ ಅವರು ನಂಬುವುದಿಲ್ಲ. ಬೆರಳಿಟ್ಟು ಮತ್ತೊಮ್ಮೆ ಎಣಿಸುತ್ತಾರೆ.

ರೋಣದ ಕಡೆಯಿಂದ ಬಂದ ಇವರು ಇದೇ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದವರು. ಕಾಡಿ ಬೇಡಿ ಮಷಿನ್ ಕೆಲಸ ಕಲಿತರು. ಈಗ ದಿನಕ್ಕೆ ಹತ್ತು ಹನ್ನೆರಡು ಚಕ್ರ. ಕಳೆದ ಶಿವರಾತ್ರಿಯ ಹೊತ್ತಿಗೆ ಆ ಮಷಿನ್ನೇ ಕೈತಪ್ಪುವುದರಲ್ಲಿತ್ತು.

ಅತ್ತಿಗುಪ್ಪೆಯಲ್ಲಿ ಕಬ್ಬಿನ ಹಾಲು ಮಾರುವ ಅಂಜಿನಯ್ಯನವರ ಗಾಣಕ್ಕೆ ದಾನಮ್ಮ ಮಾಡಿಕೊಟ್ಟ ಚಿಕ್ಕ ಚಕ್ರ ಮೂರನೇ ಸಲ ಮುರಿದಿತ್ತು. "ಕಳಪೆ ಕಬ್ಬಿಣ ಹಾಕ್ತಾ ಇದ್ದೀಯ ಕಣಮ್ಮ, ನಂಗೇನು ಗೊತ್ತಾಗಲ್ವಾ?" ಎಂದು ಅವರು ಕೂಗಾಡಿದರು. ಶೆಡ್ಡಿನ ಮಾಲೀಕ ಮಂಜುನಾಥ್, "ಇನ್ನೊಂದ್ಸಲ ಮುರಿದ್ರೆ ಮತ್ತೆ ಪೊರಕೆ ಹಿಡೀಬೇಕಾಗತ್ತೆ" ಎಂದುಬಿಟ್ಟರು.

"ನನಗ ಅಂಜಿನಯ್ಯಣ್ಣನ ಮ್ಯಾಲೇ ಸಂಶೆ ಇತ್ರಿ. ಕಬ್ಬಿನ ಜೋಡಿ ಏನರ ಗಟ್ಟಿದು ತುರುಕ್ತಾರಂತ" ಎನ್ನುತ್ತಾರೆ ದಾನಮ್ಮ. ಆದರೆ ಮುರಿದ ಮೂರೂ ಚಕ್ರಗಳಲ್ಲಿ ಹೋಗಿದ್ದು ಒಂದೊಂದೇ ಹಲ್ಲು, ಉಳಿದವು ಹೊಸದರಂತಿದ್ದವು. ಇದರಲ್ಲೇನೋ ಇದೆ ಅನ್ನಿಸಿ ಹೊಸ ಚಕ್ರ ಹಿಡಿದು ಗಾಣದ ಬಳಿಗೇ ಹೋದರು. ಅಲ್ಲಿ ದೊಡ್ಡ ಚಕ್ರದ ಒಂದು ಹಲ್ಲು ಜಜ್ಜಿಹೋಗಿತ್ತು. ಅದಕ್ಕೆ ಕುಂಕುಮ ಹಚ್ಚಿ ತಿರುಗಿಸಿದರು. ಎಷ್ಟು ತಿರುಗಿಸಿದರೂ ಕೆಂಪು ಹತ್ತಿದ್ದು ಚಿಕ್ಕ ಚಕ್ರದ ಅದೇ ಒಂದು ಹಲ್ಲಿಗೆ.

ದೊಡ್ಡದಕ್ಕೆ ನಲವತ್ತೆಂಟು ಹಲ್ಲು, ಚಿಕ್ಕದಕ್ಕೆ ಹದಿನಾರು. ಹದಿನಾರು ನಲವತ್ತೆಂಟನ್ನು ಶೇಷವಿಲ್ಲದೆ ಭಾಗಿಸುತ್ತದೆ; ಚಿಕ್ಕದು ಮೂರು ಸುತ್ತು ಹಾಕಿದಾಗಲೆಲ್ಲ ದೊಡ್ಡದರ ಜಜ್ಜಿದ ಹಲ್ಲಿನ ಪೆಟ್ಟು ಅದೇ ಹಲ್ಲಿಗೆ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಸಂಖ್ಯೆಗಳ ಮೇಲೆ ದಾನಮ್ಮನಿಗೆ ಅಂದೇ ನಂಬಿಕೆ ಹೋಯಿತು. ಅವರು ಹದಿನೇಳು ಹಲ್ಲಿನ ಚಕ್ರ ಮಾಡಿದರು. ಹದಿನೇಳು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟು ಇನ್ಯಾವುದರಿಂದಲೂ ಭಾಗವಾಗದು, ನಲವತ್ತೆಂಟರ ಜೊತೆಗೂ ಅದಕ್ಕೆ ಹೊಂದಾಣಿಕೆಯಿಲ್ಲ. ಹಾಗಾಗಿ ಪೆಟ್ಟು ಸರದಿಯ ಮೇಲೆ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ.

ಅಂಜಿನಯ್ಯ ಎಣಿಸಿ ನೋಡಿದರು. "ಒಂದು ಹಲ್ಲು ಜಾಸ್ತಿ ತುರುಕಿ ಎಲ್ಲಾನೂ ತೆಳ್ಳಗೆ ಮಾಡಿದ್ದೀಯ. ಬೇಗ ಮುರೀಲಿ ಅಂತ ತಾನೆ?"

"ಚಕ್ರಾನೂ ದೊಡ್ಡದ ಮಾಡೇನ್ರಿ ಅಣ್ಣಾರ, ಅಚ್ಚು ಸರಿಸಿ ಕೂಡಸ್ತೀನಿ. ಮುರೀತಂದ್ರ ನಾನ ಕಸಾ ಹೊಡೀತೀನಿ."

ಬೇಸಿಗೆ ಪೂರ್ತಿ ಗಾಣ ತಿರುಗಿತು, ಹಲ್ಲು ಮುರಿಯಲಿಲ್ಲ. ಅಂಜಿನಯ್ಯನವರ ಅನುಮಾನ ಮಾತ್ರ ಹೋಗಿಲ್ಲ. ಈಗಲೂ ಬಂದು, "ಅದೆಂಗೆ ಮುರಿದಿಲ್ಲ? ಏನೋ ಮಾಡಿದ್ದೀಯ" ಎಂದು ಗೊಣಗಿ ಹೋಗುತ್ತಾರೆ. ಮಷಿನ್ ದಾನಮ್ಮನ ಬಳಿಯೇ ಉಳಿದಿದೆ.

ಅವರ ಆಸೆ ಒಂದೇ: ತಾವು ಮಾಡಿದ ಚಕ್ರದ ಮೇಲೆ 'ದಾ' ಎಂದು ಗುರುತು ಕೊರೆಯಬೇಕು. ಮುರಿದರೆ ಮರ್ಯಾದೆ ಹೋಗುತ್ತದೆಂದು ಮಾಲೀಕರು ಒಪ್ಪಿಲ್ಲ.

"ಮುರದ್ರ ಮುರೀಲಿ ಬಿಡ್ರಿ," ಎನ್ನುತ್ತಾರೆ ದಾನಮ್ಮ. "ಯಾರ ಮಾಡಿದ್ದಂತ ಹುಡುಕೂದು ಬ್ಯಾಡ. ಸೀದಾ ನನ್ನ ಕಡೆ ಬರ್ಲಿ."