ತೂಬಿನಕ್ಕ ಇಳಿಸಿದ ಹಲಗೆ

ಕಾಲುವೆಯ ನೀರನ್ನು ಹೊಲಗಳಿಗೆ ಬಿಡುವ ತೂಬು ವರ್ಷಕ್ಕೊಂದು ಮನೆಯವರ ಕೈಗೆ ಬರುತ್ತಿತ್ತು. ಒಂದೊಂದು ಹೊಲಕ್ಕೂ ಒಂದೊಂದು ಹಲಗೆ. ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಈ ಸಲ ತೂಬು ಆಕೆಯ ಕೈಗೆ ಬಂತು, ಊರು ಆಕೆಯನ್ನು ತೂಬಿನಕ್ಕ ಎಂದು ಕರೆಯತೊಡಗಿತು. ಗಂಡ ಮಾತ್ರ ಮುಖ ನೋಡಿ, "ಏನೋ ಮಸಲತ್ತು ನಡೆಸ್ತಿದೀಯ, ಬೇಡ ಕಣೇ" ಎಂದ.

ಮಸಲತ್ತು ಇದ್ದದ್ದು ನಿಜ. ಹೋದ ವರ್ಷ ತೂಬು ಭಾವನ ಕೈಯಲ್ಲಿತ್ತು. ಗಂಡನ ಅಣ್ಣ, ಎಲ್ಲ ಬಲ್ಲೆನೆನ್ನುವ ಆಸಾಮಿ. ಆಕೆಯ ಗೋಧಿ ಹೂ ಬಿಟ್ಟದ್ದೇ ತಡ, ಹಲಗೆ ಇಳಿಸಿಬಿಟ್ಟ. ಕೇಳಿದ್ದಕ್ಕೆ, "ಹೂ ಬಂತಲ್ಲ, ಸಾಕು ಬಿಡಮ್ಮಾ" ಎಂದ. ತೆನೆ ನೋಡಿದರೆ ಕಣ್ಣು ತುಂಬುವಂತಿತ್ತು, ಒಕ್ಕಿದರೆ ಕಾಳು ಬಡಕಲು, ಸುಕ್ಕು. ಕಾಳಿಗೆ ಹಾಲು ತುಂಬುವ ಹೊತ್ತಿಗೇ ನೆಲ ಒಣಗಿದರೆ ತೆನೆ ಎಲ್ಲಿಂದ ತಂದು ತುಂಬೀತು? ಅದೂ ಸಾಲದೆಂಬಂತೆ ಭಾವ ಕಣದಲ್ಲಿ ಎಲ್ಲರೆದುರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ: "ಏನಮ್ಮಾ, ಗೋಧಿ ಬೆಳೆದ್ಯೋ, ಹುಲ್ಲು ಬೆಳೆದ್ಯೋ?"

ಆ ನಗು ವರ್ಷವಿಡೀ ಆಕೆಯ ಹೊಟ್ಟೆ ಉರಿಸಿತು.

ಈ ವರ್ಷ ಭಾವ, ಬುದ್ಧಿ ಬಂದಾಗಿನಿಂದ ಬರೀ ಕಡಲೆ ಬೆಳೆದವನು, ಮೊದಲ ಸಲ ಗೋಧಿ ಬಿತ್ತಿದ. ಆಕೆ ಹೂ ಬರುವ ತನಕ ಧಾರಾಳವಾಗಿ ನೀರು ಬಿಟ್ಟಳು. ತೆನೆ ಉದ್ದುದ್ದ ಬರಲಿ, ಆಸೆ ಮುಗಿಲು ಮುಟ್ಟಲಿ, ಆಮೇಲೆ ಬೀಳಲಿ! ಹೂ ಕಂಡ ದಿನವೇ ಹಲಗೆ ಇಳಿಸಿದಳು. ಎಂಥ ಹಾಯೆನಿಸಿತು ಅಂತೀರಿ!

ಒಂದು ಬೆಳಿಗ್ಗೆ ಭಾವ ತೂಬಿನ ಹತ್ತಿರ ಬಂದ. ಆಕೆ ಜಗಳಕ್ಕೆ ಸೊಂಟ ಕಟ್ಟಿ ನಿಂತಳು.

"ಒಳ್ಳೇದ್ ಮಾಡ್ದೆ ಕಣಮ್ಮಾ, ನಾನೇ ಹೇಳೋಣಾಂತಿದ್ದೆ. ಹೂ ಬಿಟ್ಟ ಮೇಲೆ ನೀರು ಕೊಟ್ರೆ ಬರೀ ಎಲೆ ಬೆಳೆಯುತ್ತೆ, ಹೂ ಉದುರುತ್ತೆ. ಕಡಲೆಗೆ ಹಾಗೇ ಅಲ್ವಾ? ಹೋದ್ ವರ್ಷ ನಿಂಗೂ ಅದಕ್ಕೇ ನಿಲ್ಲಿಸಿದ್ದು."

ಆಕೆ ಬೆಪ್ಪಾದಳು. ಹಗೆಯೂ ಅಲ್ಲ, ಹೊಟ್ಟೆಕಿಚ್ಚೂ ಅಲ್ಲ. ಬರೀ ಕಡಲೆ ಬುದ್ಧಿ! ಅವನು ಹೋದ ಮೇಲೆ ಅವನ ಹೊಲದ ತೆನೆಯೊಂದನ್ನು ಹಿಸುಕಿದಳು. ಕಾಳಿನಲ್ಲಿ ಇನ್ನೂ ಹಾಲಿತ್ತು. ಈಗ ನೀರು ಬಿಟ್ಟರೆ ಅರ್ಧವಾದರೂ ಉಳಿಯುತ್ತಿತ್ತು. ಕೈ ಹಲಗೆಯ ತನಕ ಹೋಯಿತು ಕೂಡ. ಅಷ್ಟರಲ್ಲಿ ಕಣದ ಆ ನಗು ನೆನಪಾಯಿತು. ನಕ್ಕದ್ದು ಯಾವ ಕಡಲೆಯ ಲೆಕ್ಕದಲ್ಲಿ? ಕೈ ಒರೆಸಿಕೊಂಡು ಮನೆಗೆ ನಡೆದಳು.

ಒಕ್ಕಣೆಯ ದಿನ ಒಳ್ಳೆಯ ಬಟ್ಟೆ ಉಟ್ಟು ಎಲ್ಲರಿಗಿಂತ ಮುಂದೆ ನಿಂತಳು. ಯಂತ್ರದ ಒಂದು ಬದಿ ಹೊಟ್ಟು ಗುಡ್ಡೆಯಾಯಿತು, ಇನ್ನೊಂದು ಬದಿ ಸುಕ್ಕು ಕಾಳು ಉದುರಿತು. ವರ್ಷವಿಡೀ ಮಸೆದಿಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಭಾವ ಬೊಗಸೆಯಲ್ಲಿ ಕಾಳು ಹಿಡಿದು ಬಹಳ ಹೊತ್ತು ನೋಡಿ, ಆಕೆಯತ್ತ ತಿರುಗಿದ.

"ಹೋದ್ ವರ್ಷ ನಿಂದೂ ಹೀಗೇ ಇತ್ತಲ್ಲಮ್ಮಾ. ಹಾಗಾದ್ರೆ ಕೆಡಿಸಿದ್ದು ನಾನೇ. ಮೇಲೆ ನಕ್ಕೆ ಬೇರೆ. ತಪ್ಪಾಯ್ತು ಕಣಮ್ಮಾ." ಕಣ್ಣೊರೆಸಿಕೊಂಡ. "ನೀನೇನ್ ಮಾಡ್ತೀಯ ಪಾಪ, ನಂಗೆ ಗೊತ್ತಿರ್ಲಿಲ್ಲ, ನಿಂಗೂ ಗೊತ್ತಿರ್ಲಿಲ್ಲ."

ಗಂಡ ತಲೆ ತಗ್ಗಿಸಿದ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಗೊತ್ತಿತ್ತು, ಭಾವ" ಎಂದಳು ಆಕೆ.